ಮೇಲೆ ಥಳಕು, ಕೆಳಗೆ ತುಕ್ಕು: ವಾಹನಗಳ ಬಣ್ಣರಕ್ಷಣೆಯ ಲೆಕ್ಕಾಚಾರ

ಕಳೆದ ಲೆಕ್ಕಪರಿಶೋಧನೆಯ ಕಾಲದಲ್ಲಿ ತರೀಕೆರೆಯ ವರ್ತಕರೊಬ್ಬರ ಕಡತವನ್ನು ಪರಿಶೀಲಿಸುತ್ತಿದ್ದಾಗ ಎರಡು ಬಿಲ್ಲುಗಳು ಒಂದರ ಹಿಂದೆ ಒಂದರಂತೆ ನನ್ನ ಕಣ್ಣಿಗೆ ಬಿದ್ದವು. ಇವರು ಅಡಿಕೆ ಮಂಡಿಯ ಜೊತೆಗೆ ಗೊಬ್ಬರದ ಅಂಗಡಿಯನ್ನೂ ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿ ನಡೆಸುತ್ತಾರೆ. ಮೊದಲನೆಯ ಬಿಲ್ಲು ಸಂಸ್ಥೆಯ ಕಾರಿಗೆ ಮಾಡಿಸಿದ ಸಿರಾಮಿಕ್ ಲೇಪನದ್ದು. ಲೇಪನಕ್ಕೆ 24,000 ರೂಪಾಯಿ, ಅದರ ಮೇಲೆ ಶೇ. 18ರಂತೆ ಜಿಎಸ್‌ಟಿ 4,320 ರೂಪಾಯಿ, ಒಟ್ಟು 28,320 ರೂಪಾಯಿ. ಒಂದೇ ದಿನ ಪೂರ್ತಿ ನಗದು ಪಾವತಿ. ಎರಡನೆಯದು ಗೊಬ್ಬರ ಸಾಗಿಸುವ ಪಿಕಪ್ ವಾಹನದ ಲೋಡ್ ಬಾಡಿಯ ತಗಡು ತುಕ್ಕು ಹಿಡಿದು ತೂತು ಬಿದ್ದುದರಿಂದ ಅದನ್ನು ಕತ್ತರಿಸಿ, ಹೊಸ ತಗಡು ಹಾಕಿ ವೆಲ್ಡಿಂಗ್ ಮಾಡಿಸಿದ್ದು. ತೆರಿಗೆ ಬಿಟ್ಟು 38,500 ರೂಪಾಯಿ.

“ಯಜಮಾನರೇ, ಕಾರಿಗೆ ಇಷ್ಟು ಖರ್ಚು ಮಾಡಿದ್ದೀರಿ. ಪಿಕಪ್‌ಗೆ ತುಕ್ಕು ಹಿಡಿಯದಂತೆ ಮೊದಲೇ ಏನಾದರೂ ಮಾಡಿಸಿದ್ದಿರಾ?” ಎಂದು ಕೇಳಿದೆ.

“ಅದು ಗೊಬ್ಬರ ಹೊರುವ ಗಾಡಿ ಆಡಿಟರೇ, ಅದಕ್ಕೇನು ಮಾಡಿಸೋದು?” ಎಂದರು.

ಈ ಒಂದು ಉತ್ತರವೇ ಈ ಲೇಖನಕ್ಕೆ ಕಾರಣ. ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಭಾಗದ ವರ್ತಕರಲ್ಲಿಯೂ ಸಣ್ಣ ಕೈಗಾರಿಕೆಯವರಲ್ಲಿಯೂ ಇಂದು ಕಾರು ಇಲ್ಲದವರು ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದ ಬಳಿಕ ಹೊಸ ಕಾರು ಕೊಳ್ಳುವ ಆಲೋಚನೆ ಮಾಡಿದವರೂ ಅನೇಕರು. ಕಾರಿನ ಕೀಲಿ ಕೈಗೆ ಬರುವ ಮೊದಲೇ “ಸಾರ್, ಕೋಟಿಂಗ್ ಹಾಕಿಸಿಬಿಡಿ” ಎಂಬ ಸಲಹೆ ಬರುತ್ತದೆ. ಯಾವ ಲೇಪನ, ಏಕೆ, ಎಷ್ಟಕ್ಕೆ, ಯಾವ ವಾಹನಕ್ಕೆ ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ.

ಬಣ್ಣವೆಂಬ ತೆಳುವಾದ ಆಸ್ತಿ

ಕಾರಿನ ಬಣ್ಣ ಒಂದೇ ಪದರವಲ್ಲ. ಉಕ್ಕಿನ ತಗಡಿಗೆ ಫಾಸ್ಫೇಟ್ ಸಂಸ್ಕಾರ ನೀಡಿ, ವಿದ್ಯುತ್ತಿನ ನೆರವಿನಿಂದ ತುಕ್ಕುನಿರೋಧಕ ಪ್ರೈಮರ್ ಕೂರಿಸಿ, ಅದರ ಮೇಲೆ ಬಣ್ಣದ ಪದರವನ್ನೂ ಕೊನೆಯಲ್ಲಿ ಪಾರದರ್ಶಕವಾದ ಕ್ಲಿಯರ್ ಕೋಟನ್ನೂ ಹೊಡೆದಿರುತ್ತಾರೆ. ಇವೆಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಮಾತ್ರ; ನಾವು ಬಿಲ್ಲು ಮುದ್ರಿಸುವ ಒಂದು ಹಾಳೆಯ ದಪ್ಪವೇ ಸುಮಾರು 100 ಮೈಕ್ರಾನ್. ಹೊಳಪನ್ನು ಕೊಡುವ, ಬಿಸಿಲನ್ನು ತಡೆಯುವ ಕ್ಲಿಯರ್ ಕೋಟ್ ಇದರಲ್ಲಿ ಮೂರನೆಯ ಒಂದು ಭಾಗದಷ್ಟು. ಯಂತ್ರದಿಂದ ಕಾಂಪೌಂಡ್ ಹಾಕಿ ಉಜ್ಜಿದಾಗಲೆಲ್ಲ ಈ ಪದರವೇ ಒಂದೆರಡು ಮೈಕ್ರಾನುಗಳಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಸವೆಯುತ್ತದೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಕ್ಲಿಯರ್ ಕೋಟ್ ಒಂದು ಮೂಲಧನ. ಪ್ರತಿ ಪಾಲಿಶ್‌ನಲ್ಲಿಯೂ ನಾವು ಬಡ್ಡಿಯನ್ನಲ್ಲ, ಅಸಲನ್ನೇ ಖರ್ಚು ಮಾಡುತ್ತೇವೆ.

ಇದನ್ನು ನಾನು ಕಲಿತದ್ದು ಸ್ವಂತ ನಷ್ಟದಿಂದ. ನನ್ನ ಗಾಢ ನೀಲಿ ಬಣ್ಣದ ಕಾರಿಗೆ ಹಿಂದೆ ಹೊರ ಊರಿನ ಒಂದು ಕಡೆ ಲೇಪನ ಹಾಕಿಸಿದ್ದೆ. “ವರ್ಷವರ್ಷ ಉಚಿತ ನಿರ್ವಹಣೆ” ಎಂಬ ಕಾರ್ಡು ಕೊಟ್ಟಿದ್ದರು. ಉಚಿತವೆಂದು ನಾಲ್ಕು ವರ್ಷ ತಪ್ಪದೆ ಹೋದೆ. ಅವರು ಪ್ರತಿ ಸಲವೂ ಯಂತ್ರದಿಂದ ಉಜ್ಜಿ ಹೊಳಪು ತೋರಿಸಿ ಕಳುಹಿಸಿದರು. ಐದನೆಯ ವರ್ಷದಲ್ಲಿ ಬಾನೆಟ್ಟಿನ ಅಂಚುಗಳಲ್ಲಿ ಕ್ಲಿಯರ್ ಕೋಟ್ ಸವೆದು, ಬಿಳಚಿಕೊಂಡು, ಸಿಪ್ಪೆಯಂತೆ ಏಳತೊಡಗಿತು. ಅದಕ್ಕೆ ಯಾವ ಲೇಪನವೂ ಮದ್ದಲ್ಲ. ಬಾನೆಟ್ಟಿಗೆ ಹೊಸದಾಗಿ ಬಣ್ಣ ಹೊಡೆಸಬೇಕಾಯಿತು. ಉಚಿತವಾಗಿ ದೊರೆತದ್ದೇ ನನಗೆ ಅತಿ ದುಬಾರಿಯಾಯಿತು.

ನಾಲ್ಕು ಬಗೆಯ ರಕ್ಷಣೆ

ಮೊದಲನೆಯದು ಮೇಣ. ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಮರದ ಎಲೆಗಳಿಂದ ದೊರೆಯುವ ಕಾರ್ನೋಬಾ ಮೇಣ ಇದರಲ್ಲಿ ಪ್ರಸಿದ್ಧ. ಕೈಯಿಂದಲೇ ಹಚ್ಚಬಹುದು, ಬೆಲೆ ಕಡಿಮೆ. ಆದರೆ ನಮ್ಮ ಬಿಸಿಲಿಗೂ ಮಳೆಗೂ ಕೆಲವು ವಾರಗಳು, ಹೆಚ್ಚೆಂದರೆ ಎರಡು ಮೂರು ತಿಂಗಳು ಬಾಳುತ್ತದೆ.

ಎರಡನೆಯದು ಪಾಲಿಮರ್ ಸೀಲೆಂಟ್. ನಮ್ಮಲ್ಲಿ ಬಹುಕಾಲದಿಂದ “ಟೆಫ್ಲಾನ್ ಕೋಟಿಂಗ್” ಎಂದು ಮಾರಾಟವಾದದ್ದು ಈ ವರ್ಗದ್ದೇ. ಟೆಫ್ಲಾನ್ ಎಂಬುದು ಪಿಟಿಎಫ್‌ಇ ಎಂಬ ವಸ್ತುವಿನ ವ್ಯಾಪಾರಮುದ್ರೆ; ಆ ವಸ್ತುವನ್ನು ರಾಯ್ ಪ್ಲಂಕೆಟ್ 1938ರಲ್ಲಿ ಕಂಡುಹಿಡಿದರು. ಅದು ಕರಗಬೇಕಾದರೆ 300 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖ ಬೇಕು. ದೋಸೆಯ ಕಾವಲಿಗೆ ಕಾರ್ಖಾನೆಯಲ್ಲಿ ಅಂತಹ ಶಾಖ ಕೊಡಬಹುದು, ಕಾರಿನ ಬಣ್ಣಕ್ಕೆ ಕೊಡಲಾಗದು. ಆದುದರಿಂದ ಕಾವಲಿಯ ಗುಣವನ್ನು ಕಾರಿನ ಮೇಲೆ ನಿರೀಕ್ಷಿಸುವುದು ತಪ್ಪು. ಒಳ್ಳೆಯ ಸೀಲೆಂಟ್ ನಾಲ್ಕರಿಂದ ಆರು ತಿಂಗಳು ಬಾಳಿದರೆ ಸಾಕೆಂದು ತಿಳಿಯತಕ್ಕದ್ದು.

ಮೂರನೆಯದು ಸಿರಾಮಿಕ್ ಲೇಪನ. ಇದು ಸಿಲಿಕಾ ಆಧಾರಿತ ದ್ರವ. ಒಣಗಿ ಗಟ್ಟಿಯಾದ ಮೇಲೆ ಕ್ಲಿಯರ್ ಕೋಟಿಗೆ ಬಲವಾಗಿ ಅಂಟಿಕೊಳ್ಳುತ್ತದೆ. ನೀರು ಮಣಿಯಾಗಿ ಜಾರುತ್ತದೆ, ಕೊಳೆ ಸುಲಭವಾಗಿ ಹೋಗುತ್ತದೆ, ಹಕ್ಕಿ ಹಿಕ್ಕೆಯಂತಹವು ಬಣ್ಣಕ್ಕೆ ಇಳಿಯಲು ಸ್ವಲ್ಪ ಕಾಲಾವಕಾಶ ಸಿಗುತ್ತದೆ. ಸರಿಯಾಗಿ ನೋಡಿಕೊಂಡರೆ ಎರಡು ಮೂರು ವರ್ಷ ಬಾಳಬಹುದು. ಆದರೆ ಇದರ ದಪ್ಪ ಒಂದೆರಡು ಮೈಕ್ರಾನ್ ಮಾತ್ರ. “9ಎಚ್ ಗಡಸುತನ” ಎಂಬ ಪ್ರಚಾರವನ್ನು ನೋಡಿ ವಜ್ರದ ಸಮೀಪವೆಂದು ಭಾವಿಸಬಾರದು. ಅದು ಪೆನ್ಸಿಲ್‌ನಿಂದ ಗೀಚಿ ನೋಡುವ ಪರೀಕ್ಷೆಯ ಅಳತೆ. ಖನಿಜಗಳನ್ನು ಅಳೆಯುವ ಮೋಸ್ ಮಾಪಕವೇ ಬೇರೆ. ನಮ್ಮ ರಸ್ತೆ ಧೂಳಿನಲ್ಲಿರುವ ಬೆಣಚು ಮರಳಿನ ಕಣ ಆ ಮಾಪಕದಲ್ಲಿ 7ರಷ್ಟು ಗಡುಸು. ಒಣ ಬಟ್ಟೆಯಿಂದ ಧೂಳು ಒರೆಸಿದರೆ ಅದು ಯಾವ ಸಿರಾಮಿಕ್ ಲೇಪನವನ್ನಾದರೂ ಗೀರುತ್ತದೆ. ಲಾರಿಯ ಚಕ್ರದಿಂದ ಸಿಡಿದ ಜಲ್ಲಿಕಲ್ಲನ್ನಂತೂ ಇದು ತಡೆಯದು.

ನಾಲ್ಕನೆಯದು ಪಿಪಿಎಫ್ ಎಂದು ಕರೆಯುವ ಪಾರದರ್ಶಕ ಪಾಲಿಯುರೆಥೇನ್ ಹಾಳೆ. ದಪ್ಪ ಸುಮಾರು 150ರಿಂದ 200 ಮೈಕ್ರಾನ್, ಎಂದರೆ ಇಡೀ ಬಣ್ಣಕ್ಕಿಂತಲೂ ದಪ್ಪ. ಸಿಡಿಗಲ್ಲನ್ನು ನಿಜವಾಗಿ ತಡೆಯಬಲ್ಲದ್ದು ಇದೊಂದೇ. ಬೆಲೆಯೂ ಸಿರಾಮಿಕ್‌ನ ಹಲವು ಪಟ್ಟು. ಇಡೀ ಕಾರಿಗೆ ಹಾಕಿಸದೆ ಬಾನೆಟ್ಟಿನ ಮುಂಭಾಗ, ಬಂಪರ್, ಬಾಗಿಲ ಹಿಡಿಯ ಬಳಿ ಮಾತ್ರ ಹಾಕಿಸುವುದು ಜಾಣತನ. ಹಿಂದೆ 206 ಎಂದು ಕರೆಯುತ್ತಿದ್ದ, ಈಗ 69ನೆಯ ಸಂಖ್ಯೆಯ ಹೆದ್ದಾರಿಯಲ್ಲಿ ವಾರಕ್ಕೆರಡು ಸಲ ಓಡಾಡುವವರಿಗೆ ಇದು ಉಪಯುಕ್ತ. ಮನೆಯಿಂದ ಮಂಡಿಗೆ ಮಾತ್ರ ಹೋಗಿಬರುವವರಿಗೆ ಅನಗತ್ಯ.

ನಮ್ಮ ನೆಲ, ನಮ್ಮ ನೀರು

ಲೇಪನದ ಆಯ್ಕೆ ಊರಿಗೆ ತಕ್ಕಂತೆ ಇರಬೇಕು. ಕಡೂರು ಮಳೆ ಕಡಿಮೆ ಇರುವ ಬಯಲುಸೀಮೆ. ಇಲ್ಲಿ ಬಿಸಿಲು, ಧೂಳು, ಕೊಳವೆಬಾವಿಯ ಗಡಸು ನೀರು ಮುಖ್ಯ ಶತ್ರುಗಳು. ಗಡಸು ನೀರಿನಿಂದ ಕಾರು ತೊಳೆದು ಬಿಸಿಲಿನಲ್ಲಿಯೇ ಒಣಗಲು ಬಿಟ್ಟರೆ ಸುಣ್ಣದಂಶದ ಬಿಳಿ ಕಲೆಗಳು ಉಳಿಯುತ್ತವೆ. ಸಿರಾಮಿಕ್ ಲೇಪನದ ಮೇಲೆ ನೀರು ಮಣಿಯಾಗಿ ನಿಲ್ಲುವುದರಿಂದ ಈ ಕಲೆ ಇನ್ನೂ ಎದ್ದು ಕಾಣುತ್ತದೆ. ಲೇಪನಕ್ಕೆ ಸಾವಿರಾರು ರೂಪಾಯಿ ಸುರಿದು ತೊಳೆಯಲು ಬೋರ್ ನೀರನ್ನೇ ಬಳಸುವವರು ನೆರಳಿನಲ್ಲಿ ತೊಳೆದು, ಕೂಡಲೇ ಮೈಕ್ರೋಫೈಬರ್ ಬಟ್ಟೆಯಿಂದ ನೀರು ಹೀರಿಸತಕ್ಕದ್ದು. ಸಂಗ್ರಹಿಸಿದ ಮಳೆನೀರು ಇದ್ದರೆ ಅದಕ್ಕಿಂತ ಉತ್ತಮವಾದುದಿಲ್ಲ.

ತರೀಕೆರೆ ಮಲೆನಾಡಿನ ಹೆಬ್ಬಾಗಿಲು. ಇಲ್ಲಿ ತೇವ, ಮರದ ಅಂಟು, ಹಕ್ಕಿ ಹಿಕ್ಕೆ, ಅಡಿಕೆ ಕಾಲದಲ್ಲಿ ಚೊಗರು ಇವುಗಳ ಕಾಟ. ಬಟ್ಟೆಗೆ ತಾಗಿದ ಚೊಗರು ಹೋಗದೆಂಬುದು ಎಲ್ಲರಿಗೂ ಗೊತ್ತು. ಬಣ್ಣದ ಮೇಲೆ ಸಿಡಿದಾಗಲೂ ಒಣಗುವ ಮೊದಲೇ ತೊಳೆಯಬೇಕು. ತೆಂಗಿನ ಮರದ ಕೆಳಗೆ ಕಾರು ನಿಲ್ಲಿಸುವವರಿಗೆ ಮಾತ್ರ ಯಾವ ಲೇಪನವನ್ನೂ ನಾನು ಸೂಚಿಸಲಾರೆ; ಜಾಗ ಬದಲಿಸುವುದೊಂದೇ ಉಪಾಯ.

ಹಿಂದೆ ತರೀಕೆರೆ ತಾಲ್ಲೂಕಿನಲ್ಲಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರದ ಕಡೆ ಎರೆಮಣ್ಣು ಹೆಚ್ಚು. ಮಳೆಗಾಲದಲ್ಲಿ ಈ ಮಣ್ಣು ಚಾಸಿಯ ಸಂದುಗಳಲ್ಲಿ ಮೆತ್ತಿಕೊಂಡು ದಿನಗಟ್ಟಲೆ ತೇವವನ್ನು ಹಿಡಿದಿಡುತ್ತದೆ. ಇಲ್ಲಿನ ಸಮಸ್ಯೆ ಮೇಲಿನ ಬಣ್ಣದ್ದಕ್ಕಿಂತ ಕೆಳಗಿನ ಕಬ್ಬಿಣದ್ದು.

ಹಚ್ಚುವ ಕ್ರಮ

ಲೇಪನದ ಬಾಳಿಕೆ ಬಾಟಲಿಯಲ್ಲಿಲ್ಲ, ಪೂರ್ವಸಿದ್ಧತೆಯಲ್ಲಿದೆ. ಸೌಮ್ಯವಾದ ಶಾಂಪೂವಿನಿಂದ, ಸೋಪಿನ ನೀರಿಗೊಂದು ಮತ್ತು ಬಟ್ಟೆ ಜಾಲಿಸಲು ಇನ್ನೊಂದು, ಹೀಗೆ ಎರಡು ಬಕೆಟ್ ಇಟ್ಟುಕೊಂಡು ತೊಳೆಯಬೇಕು. ಅಂಟಿದ ಕಬ್ಬಿಣದ ಕಣ, ಟಾರಿನ ಕಲೆಗಳನ್ನು ತಕ್ಕ ದ್ರಾವಣದಿಂದಲೂ ಕ್ಲೇ ಬಾರ್ ಎಂಬ ಮೆದು ಮುದ್ದೆಯಿಂದಲೂ ತೆಗೆಯಬೇಕು. ಬಳಿಕ ದಪ್ಪ ಅಳೆಯುವ ಮೀಟರಿನಿಂದ ಬಣ್ಣದ ದಪ್ಪ ನೋಡಿ, ಗೀರುಗಳಿರುವಲ್ಲಿ ಅಗತ್ಯವಿದ್ದಷ್ಟೇ ಪಾಲಿಶ್ ಮಾಡಬೇಕು. ಹೊಸ ಕಾರಿಗೂ ಸಾಗಾಟದಲ್ಲಿ, ತೊಳೆಯುವಲ್ಲಿ ಗೀರುಗಳಾಗಿರಬಹುದು. ಅವುಗಳನ್ನು ಸರಿಪಡಿಸದೆ ಲೇಪನ ಹಾಕಿದರೆ ಗೀರುಗಳನ್ನೇ ಗಾಜಿನೊಳಗೆ ಕೂರಿಸಿದಂತೆ. ಪಾಲಿಶ್‌ನ ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮಿಶ್ರಣದಿಂದ ಒರೆಸಿದ ಮೇಲೆಯೇ ಲೇಪನ.

ಲೇಪನವನ್ನು ಮುಚ್ಚಿದ, ಧೂಳಿಲ್ಲದ, ಬೆಳಕು ಚೆನ್ನಾಗಿರುವ ಕೋಣೆಯಲ್ಲಿ, ತಣ್ಣಗಿರುವ ತಗಡಿನ ಮೇಲೆ ಸಣ್ಣ ಸಣ್ಣ ಭಾಗಗಳಾಗಿ ಅಡ್ಡಕ್ಕೂ ಉದ್ದಕ್ಕೂ ಹಚ್ಚಿ, ತಯಾರಕರು ಹೇಳಿದ ನಿಮಿಷಗಳೊಳಗೆ ಒರೆಸಿ ಸಮಮಾಡಬೇಕು. ತಡವಾದರೆ ಗೆರೆಗಳು ಗಟ್ಟಿಯಾಗಿ ಉಳಿಯುತ್ತವೆ, ಮತ್ತೆ ಉಜ್ಜಬೇಕಾಗುತ್ತದೆ. ಸಾಮಾನ್ಯವಾಗಿ ಮೊದಲ 24 ಗಂಟೆ ನೀರು ತಾಗಬಾರದು, ಒಂದು ವಾರ ಶಾಂಪೂ ಹಾಕಬಾರದು. ತರೀಕೆರೆಯ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದ ದಿನಗಳನ್ನು ಬಿಟ್ಟು ದೀಪಾವಳಿಯ ನಂತರ ಈ ಕೆಲಸ ಇಟ್ಟುಕೊಳ್ಳುವುದು ಲೇಸು. ಇಷ್ಟೆಲ್ಲಕ್ಕೆ ಕನಿಷ್ಠ ಒಂದು ದಿನ, ಕೆಲವೊಮ್ಮೆ ಎರಡು ದಿನ ಹಿಡಿಯುತ್ತದೆ. “ಎರಡು ಗಂಟೆಯಲ್ಲಿ ಕೊಡುತ್ತೇವೆ” ಎಂದರೆ ಯಾವುದೋ ಹಂತವನ್ನು ಬಿಟ್ಟಿದ್ದಾರೆಂದೇ ಅರ್ಥ.

ತೆರಿಗೆಯ ಕಣ್ಣಿನಿಂದ

ಈಗ ನನ್ನ ಕ್ಷೇತ್ರದ ಮಾತು. ಚಾಲಕನೂ ಸೇರಿ 13 ಮಂದಿಗಿಂತ ಹೆಚ್ಚು ಆಸನಗಳಿಲ್ಲದ ಪ್ರಯಾಣಿಕ ವಾಹನದ ಖರೀದಿಯ ಮೇಲಾಗಲಿ, ಅದರ ದುರಸ್ತಿ, ನಿರ್ವಹಣೆ, ವಿಮೆಯ ಮೇಲಾಗಲಿ ತೆತ್ತ ಜಿಎಸ್‌ಟಿಗೆ ಸಾಮಾನ್ಯ ವರ್ತಕರಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ಸಿಜಿಎಸ್‌ಟಿ ಕಾಯ್ದೆಯ 17(5) ಕಲಂ ಇದನ್ನು ತಡೆಯುತ್ತದೆ. ಕಾರು ಮಾರುವವರು, ಪ್ರಯಾಣಿಕರ ಸಾಗಾಟದವರು, ಚಾಲನಾ ತರಬೇತಿ ಶಾಲೆಯವರು ಇದಕ್ಕೆ ಅಪವಾದ. ಆದುದರಿಂದ ನಮ್ಮ ವರ್ತಕರ 4,320 ರೂಪಾಯಿ ಪೂರ್ತಿ ಖರ್ಚೇ. ಸರಕು ಸಾಗಣೆ ವಾಹನಕ್ಕೆ ಈ ತಡೆ ಇಲ್ಲ. ತೆರಿಗೆಗೆ ಒಳಪಡುವ ಸರಕಿನ ವ್ಯವಹಾರಕ್ಕೆ ಬಳಸುವ ಪಿಕಪ್ ಅಥವಾ ಲಾರಿಯ ಚಾಸಿಗೆ ಲೇಪನ ಹಾಕಿಸಿದರೆ ಆ ಜಿಎಸ್‌ಟಿ ಜಮೆಗೆ ಅರ್ಹ. ಈರುಳ್ಳಿ, ತೆಂಗಿನಕಾಯಿಯಂತಹ ವಿನಾಯಿತಿ ಸರಕನ್ನು ಮಾತ್ರ ವ್ಯವಹರಿಸುವವರಿಗೂ ಕಾಂಪೊಸಿಷನ್ ಪದ್ಧತಿಯವರಿಗೂ ಈ ಜಮೆ ಇಲ್ಲ.

ಆದಾಯ ತೆರಿಗೆಯಲ್ಲಿ, ವ್ಯವಹಾರಕ್ಕೆ ಬಳಸುತ್ತಿರುವ ಕಾರಿನ ನಿರ್ವಹಣೆಗಾಗಿ ಮಾಡಿದ ಲೇಪನದ ವೆಚ್ಚವನ್ನು ಸ್ವಂತ ಬಳಕೆಯ ಪಾಲನ್ನು ಕಳೆದು ಖರ್ಚಾಗಿ ತೋರಿಸಬಹುದು. ಹೊಸ ಕಾರಿನ ಖರೀದಿ ಬಿಲ್ಲಿನಲ್ಲಿಯೇ ಅದು ಸೇರಿದ್ದರೆ ಕಾರಿನ ಮೌಲ್ಯಕ್ಕೆ ಸೇರಿಸಿ, ವರ್ಷಕ್ಕೆ ಶೇ. 15ರ ಸವಕಳಿ ಪಡೆಯಬೇಕು. ವಹಿವಾಟಿನ ಶೇಕಡಾವಾರು ಲಾಭ ಘೋಷಿಸುವ ಅಂದಾಜು ಆದಾಯ ಪದ್ಧತಿಯವರಿಗೆ ಪ್ರತ್ಯೇಕ ಖರ್ಚು ಸಿಗದು; ಅವರು ತೆರಿಗೆ ಉಳಿತಾಯದ ಮಾತನ್ನು ನಂಬಿ ಲೇಪನ ಹಾಕಿಸಬಾರದು.

ಎಲ್ಲಕ್ಕಿಂತ ದೊಡ್ಡ ತಪ್ಪು ನಗದು ಪಾವತಿಯದು. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ಪೂರ್ತಿ ನಿರಾಕೃತವಾಗುತ್ತದೆ. 1961ರ ಕಾಯ್ದೆಯ 40ಎ(3) ಕಲಂನಿಂದ ನಮಗೆ ಪರಿಚಿತವಾದ ಈ ನಿಯಮ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಮುಂದುವರಿದಿದೆ. ಪಾಲುದಾರಿಕೆ ಸಂಸ್ಥೆಗೆ ಸೆಸ್ ಸೇರಿ ಶೇ. 31.2ರ ದರ ಹಿಡಿದರೆ, 28,320 ರೂಪಾಯಿಯ ಮೇಲೆ 8,836 ರೂಪಾಯಿ ತೆರಿಗೆ ಹೆಚ್ಚಾಯಿತು. ಯುಪಿಐ ಅಥವಾ ಚೆಕ್ಕಿನಿಂದ ಕೊಟ್ಟಿದ್ದರೆ ಇದು ಉಳಿಯುತ್ತಿತ್ತು.

ವರ್ಷದ ಲೆಕ್ಕ ಹೀಗಿದೆ. 28,320 ರೂಪಾಯಿಯ ಲೇಪನ ಮೂರು ವರ್ಷ ಬಾಳಿತು, ನಡುವೆ ತಲಾ 3,000 ರೂಪಾಯಿಯ ಎರಡು ನಿರ್ವಹಣೆ ಎಂದುಕೊಂಡರೆ ಒಟ್ಟು 34,320. ವರ್ಷಕ್ಕೆ 11,440 ರೂಪಾಯಿ. ಮನೆಯಲ್ಲಿಯೇ ಸೀಲೆಂಟ್ ಹಚ್ಚಲು ವರ್ಷಕ್ಕೆ 1,200 ರೂಪಾಯಿಯ ಸಾಮಗ್ರಿ, ಎರಡು ಮೂರು ಭಾನುವಾರದ ಬೆಳಗು ಸಾಕು. ವ್ಯತ್ಯಾಸ ವರ್ಷಕ್ಕೆ 10,240 ರೂಪಾಯಿ. ಆ ಹಣ ಸಂತೋಷಕ್ಕಾಗಿ ಎಂದು ತಿಳಿದು ಖರ್ಚು ಮಾಡುವುದರಲ್ಲಿ ದೋಷವಿಲ್ಲ. ಕಾರು ಮಾರುವಾಗ ಅಷ್ಟೂ ಹಿಂದಿರುಗುತ್ತದೆಂದು ನಂಬುವುದು ದೋಷ.

ಸಂಪಾದಿಸುವ ವಾಹನಕ್ಕೆ ಮೊದಲ ಪಾಲು

ಇನ್ನು ಪಿಕಪ್‌ನ ಲೆಕ್ಕ. ವೆಲ್ಡಿಂಗ್ ಬಿಲ್ಲು 38,500. ವಾಹನ ನಾಲ್ಕು ದಿನ ನಿಂತದ್ದರಿಂದ ಬಾಡಿಗೆ ಗಾಡಿಗೆ ದಿನಕ್ಕೆ 2,500ರಂತೆ 10,000. ಒಟ್ಟು 48,500 ರೂಪಾಯಿ. ರಸಗೊಬ್ಬರಗಳು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಪೊಟ್ಯಾಷ್ ಎಂದು ನಾವು ಮಾರುವುದು ಬಹುಪಾಲು ಪೊಟ್ಯಾಸಿಯಂ ಕ್ಲೋರೈಡ್. ಕ್ಲೋರೈಡ್ ಇರುವಲ್ಲಿ ತುಕ್ಕು ಬೇಗ ಬೇಗ ಹಬ್ಬುತ್ತದೆ. ಹರಿದ ಚೀಲದಿಂದ ಸೋರಿದ ಒಂದು ಹಿಡಿ ಗೊಬ್ಬರ ಮೂಲೆಯಲ್ಲಿ ಕುಳಿತರೆ ಒಂದು ಮಳೆಗಾಲ ಸಾಕು.

ಪರಿಹಾರ ಸರಳವಾದುದು. ಗೊಬ್ಬರ ಇಳಿಸಿದ ದಿನವೇ ಗುಡಿಸಿ, ನೀರು ಹಾಕಿ ತೊಳೆದು ಒಣಗಿಸುವುದು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ, ಮಳೆಗೆ ಮುನ್ನ, ಕೆಳಭಾಗ ತೊಳೆಸಿ, ಪೂರ್ತಿ ಒಣಗಿದ ಮೇಲೆ ತಂತಿ ಬ್ರಷ್‌ನಿಂದ ತುಕ್ಕು ಉದುರಿಸಿ, ರಸ್ಟ್ ಕನ್ವರ್ಟರ್ ಮತ್ತು ಪ್ರೈಮರ್ ಹೊಡೆದು, ಅದರ ಮೇಲೆ ರಬ್ಬರ್ ಅಥವಾ ಬಿಟುಮೆನ್ ಆಧಾರಿತ ಅಂಡರ್‌ಬಾಡಿ ಲೇಪನ ಹಾಕಿಸುವುದು. ಹಸಿ ಮಣ್ಣಿನ ಮೇಲೆಯೋ ತುಕ್ಕಿನ ಮೇಲೆಯೋ ಬಳಿದರೆ ತೇವ ಒಳಗೇ ಸೆರೆಯಾಗಿ ಲೇಪನವೇ ತುಕ್ಕಿಗೆ ಮರೆಯಾಗುತ್ತದೆ. ಸೈಲೆನ್ಸರ್, ಬ್ರೇಕ್ ಭಾಗಗಳು, ಪ್ರೊಪೆಲ್ಲರ್ ಶಾಫ್ಟ್, ನೀರು ಹೊರಹೋಗುವ ರಂಧ್ರಗಳಿಗೆ ಲೇಪನ ತಾಗಬಾರದು. ವಾಟರ್ ಸರ್ವಿಸ್‌ನಲ್ಲಿ ಡೀಸೆಲ್ ಅಥವಾ ಹಳೆಯ ಎಂಜಿನ್ ಆಯಿಲ್ ಸಿಂಪಡಿಸುವ ರೂಢಿ ಇದೆ; ಅದು ರಬ್ಬರ್ ಬುಷ್‌ಗಳನ್ನು ಕೆಡಿಸುತ್ತದೆ, ಧೂಳನ್ನೂ ಹಿಡಿದಿಡುತ್ತದೆ. ಈ ವರ್ಷ ನಮ್ಮ ವರ್ತಕರು ಪಿಕಪ್‌ಗೆ ಈ ಕೆಲಸವನ್ನು ಮಾಡಿಸಿದರು. 5,500 ರೂಪಾಯಿ, ಅದರ ಮೇಲಿನ ಜಿಎಸ್‌ಟಿ 990 ರೂಪಾಯಿ ಜಮೆಯಾಯಿತು.

ಬಿಲ್ಲು, ವಿಮೆ, ವಾರಂಟಿ

ಲೇಪನ ಹಾಕಿಸುವಾಗ ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ, ವಾಹನದ ನೋಂದಣಿ ಸಂಖ್ಯೆ, ಬಳಸಿದ ಸಾಮಗ್ರಿಯ ಹೆಸರು ಮತ್ತು ಬ್ಯಾಚ್ ಸಂಖ್ಯೆ ಇರಲಿ. ವಾರಂಟಿ ಕೊಡುವವರು ತಯಾರಕರೋ ಹಾಕಿದವರೋ, ಏನನ್ನು ಹೊರತುಪಡಿಸಿದೆ, ನಿರ್ವಹಣೆ ಎಂದರೆ ತೊಳೆಯುವುದೋ ಉಜ್ಜುವುದೋ ಎಂಬುದನ್ನು ಬರಹದಲ್ಲಿ ಪಡೆಯಿರಿ. ಕೆಲಸದ ಮೊದಲು ಮತ್ತು ನಂತರದ ಬಣ್ಣದ ದಪ್ಪದ ಅಳತೆಯನ್ನು ಕೇಳಿ ಪಡೆಯಿರಿ. ನಾನು ಅಂದು ಇದೊಂದನ್ನು ಕೇಳಿದ್ದರೆ ನನ್ನ ಬಾನೆಟ್ ಉಳಿಯುತ್ತಿತ್ತು.

ವಾಹನ ವಿಮೆಯ ಸಾಮಾನ್ಯ ನಿಬಂಧನೆಯಂತೆ ಅಪಘಾತದ ನಂತರ ಬಣ್ಣ ಹೊಡೆಸಿದಾಗ ಸಾಮಗ್ರಿಯ ಬೆಲೆಯಲ್ಲಿ ಶೇ. 50ನ್ನು ಸವಕಳಿಯೆಂದು ಕಳೆಯುತ್ತಾರೆ. ಕೂಲಿಯೂ ಸೇರಿದ ಒಟ್ಟು ಬಿಲ್ಲಾದರೆ ಅದರ ಶೇ. 25ನ್ನು ಸಾಮಗ್ರಿಯೆಂದು ಹಿಡಿಯುತ್ತಾರೆ. ಎಂದರೆ 10,000 ರೂಪಾಯಿಯ ಬಿಲ್ಲಿನಲ್ಲಿ 1,250 ರೂಪಾಯಿ ನಮ್ಮ ಪಾಲಿಗೆ. ಜೀರೋ ಡೆಪ್ರಿಸಿಯೇಷನ್ ಪಾಲಿಸಿಯಲ್ಲಿ ಈ ಕಡಿತ ಇರುವುದಿಲ್ಲ. ಪಿಪಿಎಫ್ ಅಥವಾ ಸಿರಾಮಿಕ್ ಲೇಪನದ ಬೆಲೆ ತಾನಾಗಿ ವಿಮೆಗೆ ಒಳಪಡುತ್ತದೆಂದು ಭಾವಿಸದೆ, ಪಾಲಿಸಿ ನವೀಕರಿಸುವಾಗ ವಿಮಾ ಕಂಪನಿಯಿಂದ ಲಿಖಿತ ಉತ್ತರ ಪಡೆಯತಕ್ಕದ್ದು. ಸ್ವಂತ ಬಳಕೆಯ ಕಾರಿನ ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ, ಎರಡು ವರ್ಷದೊಳಗೆ, ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಆದರೆ ಬಿಲ್ಲಿಲ್ಲದವರ ದೂರಿಗೆ ಬಲವಿಲ್ಲ.

ನಮ್ಮ ಊರುಗಳಲ್ಲಿ ಈ ಕೆಲಸವನ್ನು ಕೈಗೊಳ್ಳಬೇಕೆಂದಿರುವ ಯುವಕರಿಗೂ ಒಂದು ಮಾತು. ದುಬಾರಿ ಬಾಟಲಿಗಿಂತ ಮೊದಲು ದಪ್ಪ ಅಳೆಯುವ ಮೀಟರು, ನೀರು ಮೆದು ಮಾಡುವ ಉಪಕರಣ, ಧೂಳಿಲ್ಲದ ಕೋಣೆ ಇವುಗಳಿಗೆ ಬಂಡವಾಳ ಹಾಕಿರಿ. ಎರಡು ಭಾಗಗಳನ್ನು ಬೆರೆಸಿ ಹೊಡೆಯುವ ಪೇಂಟಿನ ಗಟ್ಟಿಕಾರಕದಲ್ಲಿ ಐಸೊಸೈನೇಟ್ ಇರುತ್ತದೆ. ಅದು ಉಬ್ಬಸ ತರಬಲ್ಲದು. ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡರೆ ಸಾಲದು, ತಕ್ಕ ಮುಖಗವಸು ಮತ್ತು ಗಾಳಿಯ ವ್ಯವಸ್ಥೆ ಬೇಕು. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ.

ಕಾರು ಹೊಳೆಯಲಿ, ಬೇಡವೆನ್ನುವುದಿಲ್ಲ. ಆದರೆ ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆ ನಮ್ಮ ಷೆಡ್ಡಿನಲ್ಲಿಯೇ ನಿಜವಾಗಬಾರದು. ಈ ಸಂಚಿಕೆಯನ್ನು ಓದಿ ಮುಗಿಸಿದ ಸದಸ್ಯರು ತಮ್ಮ ಸರಕು ವಾಹನದ ಕೆಳಗೆ ಒಮ್ಮೆ ಬಗ್ಗಿ, ಟಾರ್ಚು ಹಿಡಿದು ನೋಡಬೇಕೆಂದು ವಿನಂತಿ. ಲೇಪನ ಯಾವ ವಾಹನಕ್ಕೆ ಮೊದಲು ಬೇಕೆಂಬುದು ಅಲ್ಲಿಯೇ ಗೊತ್ತಾಗುತ್ತದೆ.